ಉಪಗ್ರಹಕ್ಕೆ ಅಂಗಿ ಹೊಲಿದ ಉಜ್ಜಿನಮ್ಮ

ಆಂಧ್ರದ ಅಂಚಿನ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಯಾವ ಓಣಿಯಲ್ಲಿ ನಿಂತರೂ ಮೆಷಿನ್ನಿನ ಸದ್ದು ಕೇಳುತ್ತದೆ. ಬಾಗಿಲು ತೆರೆದಿದ್ದರೆ ನೀಲಿ ಬಟ್ಟೆಯ ರಾಶಿ, ರಾಶಿಯ ಹಿಂದೆ ಬಗ್ಗಿದ ಒಂದು ತಲೆ. ಅಂಥ ತಲೆಗಳಲ್ಲಿ ಉಜ್ಜಿನಮ್ಮನದೂ ಒಂದು. ನೀಲಿ ಬಣ್ಣ ಉಗುರಿನ ಸಂದಿಯಲ್ಲಿ ಕೂತು ಎಷ್ಟೋ ವರ್ಷವಾಯಿತು, ಸೀಗೆಪುಡಿ ಹಾಕಿ ಉಜ್ಜಿದರೂ ಹೋಗುವುದಿಲ್ಲ. ಈ ಹೆಂಗಸು ಸೈನ್ಯದ ಉಪಗ್ರಹವೊಂದಕ್ಕೆ ಹೊದಿಕೆ ಹೊಲಿದವಳು ಎಂದರೆ ಓಣಿಯ ಅರ್ಧ ಜನ ನಗುತ್ತಾರೆ, ಉಳಿದರ್ಧ ಜನ ಸುಮ್ಮನೆ ಎದ್ದು ಒಳಗೆ ಹೋಗುತ್ತಾರೆ. ಒಳಗೆ ಹೋಗುವವರಿಗೆ ನಡೆದದ್ದು ಗೊತ್ತು.

ಗಂಡ ತೀರಿಕೊಂಡಾಗ ಮಗ ಯೋಗೀಶ ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದ. ಹೊಟ್ಟೆಪಾಡಿಗೆಂದು ಅವಳು ಸೇರಿದ್ದು ತಿಪ್ಪೇರುದ್ರಪ್ಪನ ಶೆಡ್ಡಿಗೆ. ತಿಪ್ಪೇರುದ್ರಪ್ಪ ಕೆಟ್ಟವನಲ್ಲ, ಒಳ್ಳೆಯವನೆಂದು ಹೇಳಲು ಮಾತ್ರ ನಾಲಿಗೆ ಹೊರಳುವುದಿಲ್ಲ. ಹಣೆತುಂಬ ವಿಭೂತಿ, ಬಾಯಿತುಂಬ "ತಂಗೆವ್ವ". ಶೆಡ್ಡಿಗೆ ಬೋರ್ಡಿರಲಿಲ್ಲ, ಲೈಸೆನ್ಸಿರಲಿಲ್ಲ, ಮನೆಗೆಂದು ತೆಗೆದುಕೊಂಡ ಕರೆಂಟಿನಲ್ಲೇ ಸಾಲು ಮೆಷಿನ್ನುಗಳು ಓಡುತ್ತಿದ್ದವು. ಯಾರೋ ಆಫೀಸರು ಬರುತ್ತಾರಂತೆ ಎಂದು ಸುದ್ದಿಯಾದರೆ ಹೆಂಗಸರೆಲ್ಲ ಹಿತ್ತಲ ಬಾಗಿಲಿಂದ ಜಾಗ ಖಾಲಿ ಮಾಡಬೇಕು. ಆಫೀಸರು ಬಂದಾಗ ಅಲ್ಲಿ ತಿಪ್ಪೇರುದ್ರಪ್ಪನೂ ಅವನ ನಗುವೂ ಇರುತ್ತಿದ್ದವು, ಅಷ್ಟೇ.

ಅಲ್ಲಿ ಕೂಲಿ ಎಂಬುದು ಪೀಸಿನ ಲೆಕ್ಕ. ಸಂಜೆ ಎಲ್ಲರ ಪೀಸೂ ಒಂದೇ ರಾಶಿಗೆ ಬೀಳುತ್ತಿದ್ದವು. ಒಬ್ಬಳ ದುಡಿಮೆ ಇನ್ನೊಬ್ಬಳ ಹೆಸರಿಗೆ ಹೋಗಿ, ಜಗಳವಾಗಿ, ಜುಟ್ಟು ಜುಟ್ಟು ಹಿಡಿದದ್ದೂ ಉಂಟು. ಹಾಗಾಗಿ ಅಲ್ಲಿ ಹೊಲಿಯುವವರು ತಮ್ಮ ಪೀಸಿನ ಒಳಮಡಿಕೆಯ ಮೂಲೆಯಲ್ಲಿ ಒಂದು ಗುರುತು ಹಾಕುತ್ತಿದ್ದರು. ಒಬ್ಬಳದು ಬರೀ ಗೀಟು, ಇನ್ನೊಬ್ಬಳದು ಅಡ್ಡಡ್ಡ ಎರಡು ಹೊಲಿಗೆ. ಉಜ್ಜಿನಮ್ಮನದು ಕಾಗೆಕಾಲು, ಒಂದೇ ತೂತಿನಿಂದ ಮೂರು ಕಡೆಗೆ ಚಾಚಿದ ಮೂರು ಪುಟ್ಟ ಹೊಲಿಗೆ, ಎಳ್ಳಿನಷ್ಟು. ಮೊದಮೊದಲು ನೆನಪಿಟ್ಟು ಹಾಕುತ್ತಿದ್ದಳು. ಆಮೇಲೆ ಕೈ ತಾನೇ ಹಾಕತೊಡಗಿತು, ಅವಳನ್ನು ಕೇಳುವುದನ್ನೇ ಬಿಟ್ಟಿತು.

ಯೋಗೀಶ ಓದಿನಲ್ಲಿ ಅಷ್ಟಕ್ಕಷ್ಟೆ, ಓಟದಲ್ಲಿ ಮಾತ್ರ ಅವನನ್ನು ಹಿಡಿಯುವವರಿರಲಿಲ್ಲ. ಅನಂತಪುರದಲ್ಲಿ ಸೈನ್ಯದ ಭರ್ತಿ ನಡೆದಾಗ ಗೆಳೆಯರ ಜೊತೆ ಹೋಗಿ, ಓಡಿ, ಆಯ್ಕೆಯಾಗಿ ಬಂದು ಅವ್ವನ ಕಾಲಿಗೆ ಬಿದ್ದ. ತರಬೇತಿ ಮುಗಿದ ಮೇಲೆ ಅವನದು ಗಡಿಯ ಎತ್ತರದ ಠಾಣೆಗಳಲ್ಲಿ ವೈರ್‌ಲೆಸ್ ಸೆಟ್ಟಿನ ಮುಂದೆ ಕೂರುವ ಕೆಲಸ, ಒಂದು ಠಾಣೆಯ ಮಾತು ಇನ್ನೊಂದಕ್ಕೆ ಮುಟ್ಟಿಸುವುದು. ಭಾನುವಾರ ಬೆಳಗ್ಗೆ ಅವ್ವನಿಗೆ ಫೋನು.

"ಎಲ್ಲಿದ್ದಿಯೋ?" ಇದು ಅವಳ ಮೊದಲ ಮಾತು. ಉಂಡೆಯಾ, ಹುಷಾರಿದ್ದೀಯಾ, ಅವೆಲ್ಲ ಆಮೇಲೆ.

"ಯಾರ ಮುಂದೂ ಬಾಯಿ ಬಿಡಬ್ಯಾಡವ್ವ, ನಿನ್ನೊಬ್ಬಾಕಿಗೆ ಹೇಳತೀನಿ" ಎಂದು ಶುರುಮಾಡಿ ಅವನು ಕಣಿವೆಯ ಹೆಸರು ಹೇಳುತ್ತಿದ್ದ, ಅಲ್ಲಿ ನೀರು ಕುದಿಸಲು ಪಡುವ ಪಾಡು ಹೇಳುತ್ತಿದ್ದ. ಒಂದು ಭಾನುವಾರ ದನಿ ಇಳಿಸಿ ಹೇಳಿದ: "ಹಿಮ ಜೋರಾದ್ರ ನಮ್ಮ ಸೆಟ್ಟು ಕಿವುಡಾಗತೈತಿ. ನಾವು ಎಷ್ಟು ಒದರಿದ್ರೂ ಕೆಳಗಿನವ್ರಿಗೆ ಕೇಳ್ಸಂಗಿಲ್ಲ. ಹೋದ ವಾರ ಹಂಗಾಗಿ ನಮ್ಮ ಇಬ್ರು ಹುಡುಗ್ರು ದಾರಿ ತಪ್ಪಿ ಹೋದ್ರು. ಎಲ್ಲದಾರ ಅಂತ ಯಾರಿಗೂ ತಿಳೀಲಿಲ್ಲ. ಆಮ್ಯಾಗ ಹೆಣ ಸಿಕ್ಕವು."

ಅಂದಿನಿಂದ ಉಜ್ಜಿನಮ್ಮ ಫೋನನ್ನು ದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗುತ್ತಿದ್ದಳು. ಆದರೂ ಮಗ ಅದನ್ನು ತನ್ನಿಂದ ಮುಚ್ಚಿಡಲಿಲ್ಲವಲ್ಲ ಎಂಬ ಸಮಾಧಾನವೊಂದಿತ್ತು. ಅವಳಿಗೆ ಹೊಲವಿರಲಿಲ್ಲ, ಸ್ವಂತ ಸೂರಿರಲಿಲ್ಲ, ಕೊರಳಲ್ಲಿ ಗುಂಜಿ ಬಂಗಾರವಿರಲಿಲ್ಲ. ಮಗ ಎಲ್ಲಿದ್ದಾನೆ, ಹೇಗಿದ್ದಾನೆ ಎಂಬುದು ಅವನ ಬಾಯಿಂದಲೇ ತನಗೆ ಗೊತ್ತಾಗುತ್ತದೆ ಎಂಬುದೊಂದೇ ಅವಳ ಆಸ್ತಿ. ಅದೊಂದು ಇದ್ದರೆ ಸಾಕು ಎಂದು ಅವಳು ಬದುಕುತ್ತಿದ್ದಳು.

ಒಂದು ವರ್ಷ ಜೀನ್ಸಿನ ವ್ಯಾಪಾರ ಮಲಗಿಬಿಟ್ಟಿತು. ತಿಪ್ಪೇರುದ್ರಪ್ಪ ಮೆಷಿನ್ನುಗಳಿಗೆ ಗೋಣಿಚೀಲ ಹೊದಿಸಿ, ಕರೆಸುತ್ತೇನೆ ತಂಗೆವ್ವ ಎಂದು ಕೈಮುಗಿದ. ಉಜ್ಜಿನಮ್ಮ ಬೆಂಗಳೂರಿನ ಬಸ್ಸು ಹತ್ತಿದಳು. ಆಗ ಆ ಬಸ್ಸಿನಲ್ಲಿ ಸೀಟು ಸಿಗುವುದೇ ಕಷ್ಟ, ಗುಮ್ಮಘಟ್ಟದವರೇನು, ಕಣೇಕಲ್ಲಿನವರೇನು, ಎಲ್ಲರೂ ಅವಳಂಥವರೇ. ಪೀಣ್ಯದ ಕಡೆ ಒಂದು ಗಾರ್ಮೆಂಟ್ಸಿಗೆ ಸೇರಿದಳು. ಪಕ್ಕದ ಮೆಷಿನ್ನಿಗೆ ಕೂರುತ್ತಿದ್ದವಳು ಗಂಗೋತ್ರಿ, ಮಡಕಶಿರಾ ಹತ್ತಿರದ ರೊಳ್ಳದವಳು, ಹಿಪ್ಪುನೇರಳೆ ಸೊಪ್ಪು ಕೊಯ್ದು ಕೊಯ್ದು ಬೇಸತ್ತು ಊರು ಬಿಟ್ಟವಳು. ಇಬ್ಬರೂ ಸೇರಿ ಒಂದು ಕೋಣೆ ಹಿಡಿದರು. ಇವಳ ಕನ್ನಡಕ್ಕೆ ಅವಳು ನಗುವುದು, ಅವಳ ಕನ್ನಡಕ್ಕೆ ಇವಳು ನಗುವುದು. ಮನೆ ಮಾಲೀಕನನ್ನು ಬೈಯುವಾಗ ಮಾತ್ರ ಇಬ್ಬರೂ ತೆಲುಗಿಗೆ ಹೋಗುತ್ತಿದ್ದರು, ಅದರಲ್ಲಿ ಭಾರೀ ಒಗ್ಗಟ್ಟು.

ಗಂಗೋತ್ರಿಯೇ ಒಂದು ದಿನ ಸುದ್ದಿ ತಂದಳು. "ಅಕ್ಕ, ಒಂದ್ ಕಡೆ ಕೈ ಚೆನ್ನಾಗಿರೋ ಎಂಗಸ್ರು ಬೇಕಂತೆ. ತಿಂಗಳ ಸಂಬಳ ಕಣಕ್ಕ, ಪೀಸ್ ಲೆಕ್ಕ ಇಲ್ವಂತೆ. ಬಾ, ಓಗಿ ಕೇಳನ."

ಅದೊಂದು ಸಣ್ಣ ಕಾರ್ಖಾನೆ. ಹೊರಗಿನಿಂದ ನೋಡಿದರೆ ಔಷಧದ ಗೋದಾಮಿನ ಹಾಗಿತ್ತು. ಒಳಗೆ ಹೋಗುವ ಮೊದಲು ಬಳೆ, ಓಲೆ, ಹೂವು, ಕುಂಕುಮ ಎಲ್ಲ ತೆಗೆದಿಟ್ಟು, ಕೈಯನ್ನು ಮೊಣಕೈವರೆಗೆ ತೊಳೆದು, ಬಿಳಿ ನಿಲುವಂಗಿ, ತಲೆಗೆ ಟೋಪಿ, ಬಾಯಿಗೆ ಬಟ್ಟೆ. ಗಂಡನಿದ್ದ ಹೆಂಗಸರು ತಾಳಿಗೂ ಬಟ್ಟೆ ಸುತ್ತಿ ಒಳಗೆ ಸೇರಿಸಿಕೊಳ್ಳಬೇಕಾಗಿತ್ತು, ಅದಕ್ಕೆ ಗಂಗೋತ್ರಿ ಮೊದಲ ದಿನ ಅತ್ತಳು. ಹೊಲಿಯಬೇಕಾದದ್ದು ಬಟ್ಟೆಯಲ್ಲ, ಬಂಗಾರದ ಬಣ್ಣದ ತೆಳು ಹಾಳೆ. ಹಾಳೆಯ ಮೇಲೆ ಸೊಳ್ಳೆಪರದೆಯಂಥ ಬಲೆ, ಅದರ ಮೇಲೆ ಮತ್ತೆ ಹಾಳೆ, ಹೀಗೆ ಪದರ ಪದರ ಸೇರಿಸಿ ಅಂಚು ಹೊಲಿಯುವುದು. ಬೆರಳು ತುಸು ಒತ್ತಿದರೆ ಹಾಳೆಗೆ ಗೀರು ಬೀಳುತ್ತಿತ್ತು. ದಪ್ಪ ಜೀನ್ಸಿಗೆ ಪಳಗಿದ ಉಜ್ಜಿನಮ್ಮನ ಕೈ ಇದಕ್ಕೆ ಒಗ್ಗಲು ಬಹಳ ದಿನ ಹಿಡಿಯಿತು. ಸೂಪರ್‌ವೈಸರ್ ಮೇಡಂ ಹಿಂದೆ ಬಂದು ನಿಂತರೆ ಸೊಂಟದವರೆಗೆ ಬೆವರುತ್ತಿತ್ತು.

ಇದು ಆಕಾಶಕ್ಕೆ ಹೋಗುವ ಉಪಗ್ರಹದ ಹೊದಿಕೆ ಎಂದು ಮೇಡಂ ಹೇಳಿದ್ದಳು. ಅಲ್ಲಿ ಬಿಸಿಲಿನ ಕಡೆ ಕಾದ ಹೆಂಚಾದರೆ ನೆರಳಿನ ಕಡೆ ಕೊರೆಯುವ ಚಳಿಯಂತೆ. ಮೈಮೇಲೆ ಇದಿಲ್ಲದಿದ್ದರೆ ಒಳಗಿನ ಯಂತ್ರ ಉಳಿಯುವುದಿಲ್ಲವಂತೆ. ಹೆಂಗಸರು ಅದಕ್ಕೆ ಅಂಗಿ ಎಂದು ಹೆಸರಿಟ್ಟುಕೊಂಡರು. ಮಳೆ ನೋಡುವ ಉಪಗ್ರಹದ ಅಂಗಿ, ಟಿವಿಯ ಉಪಗ್ರಹದ ಅಂಗಿ. ಒಂದು ದಿನ ಬಾಗಿಲಿಗೆ ಹೊಸ ಬೀಗ ಬಂತು, ಫೋನುಗಳನ್ನು ಗೇಟಿನಲ್ಲೇ ಇಸಿದುಕೊಳ್ಳತೊಡಗಿದರು. ಈ ಸಲದ್ದು ಸೈನ್ಯದ್ದು, ಹೊರಗೆ ಉಸಿರೆತ್ತಬಾರದು ಎಂದು ಮೇಡಂ ಸಾಲಾಗಿ ನಿಲ್ಲಿಸಿ ಹೇಳಿದಳು. ಗಡಿಯಲ್ಲಿರುವವರಿಗೂ ಹಡಗಿನಲ್ಲಿರುವವರಿಗೂ ಮಾತು ಮುಟ್ಟಿಸುವ ಉಪಗ್ರಹ ಎಂದು ಹೇಗೋ ಒಬ್ಬಳ ಬಾಯಿಂದ ಇನ್ನೊಬ್ಬಳ ಕಿವಿಗೆ ಬಂತು.

ಉಜ್ಜಿನಮ್ಮನ ಎದೆ ತುಂಬಿಬಂತು. ಕಿವುಡಾದ ಆ ಸೆಟ್ಟು, ಹೆಣವಾಗಿ ಸಿಕ್ಕ ಆ ಇಬ್ಬರು ಹುಡುಗರು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಇದು ಮೇಲೆ ಹೋದರೆ ಮಗನ ಕೂಗು ಕೆಳಗೆ ಕೇಳುತ್ತದೆ. ಆವತ್ತಿನಿಂದ ಅವಳು ಹೊಲಿಯಲು ಕೂತರೆ ಪಕ್ಕದಲ್ಲಿ ಯಾರಿದ್ದಾರೆಂದೂ ತಿಳಿಯುತ್ತಿರಲಿಲ್ಲ. ಮನಸ್ಸು ಆ ಎತ್ತರದ ಠಾಣೆಗೆ ಹೋಗಿಬಿಡುತ್ತಿತ್ತು. ಮನಸ್ಸಿಲ್ಲದ ಹೊತ್ತಿನಲ್ಲಿ ಕೈ ತನ್ನ ಹಳೆಯ ಕೆಲಸ ಮಾಡಿತು. ಇಷ್ಟು ದಿನ ಮೇಡಂ ಹಿಂದೆ ನಿಲ್ಲುವ ಭಯಕ್ಕೆ ಅಡಗಿದ್ದ ಕಾಗೆಕಾಲು, ಸೈನ್ಯದ ಅಂಗಿಯ ಒಂದೊಂದು ತುಂಡಿನ ಒಳಮೂಲೆಯಲ್ಲೂ ಕೂತಿತು.

ತಪಾಸಣೆಗೆಂದು ಹೊರಗಿನಿಂದ ಬಂದ ಎಂಜಿನಿಯರ್ ಒಬ್ಬ ಭೂತಗನ್ನಡಿ ಹಿಡಿದು ನೋಡುವಾಗ ಅದು ಕಣ್ಣಿಗೆ ಬಿತ್ತು. ನಕಾಶೆಯಲ್ಲಿ ಇಲ್ಲದ ಹೊಲಿಗೆ. ಒಂದರಲ್ಲಿದ್ದರೆ ಕೈತಪ್ಪು ಎನ್ನುತ್ತಿದ್ದರು. ಎಲ್ಲ ತುಂಡುಗಳಲ್ಲೂ ಒಂದೇ ಜಾಗದಲ್ಲಿ, ಒಂದೇ ಆಕಾರದಲ್ಲಿ ಇತ್ತು. ಸೈನ್ಯದ ಕೆಲಸಕ್ಕಿಂತ ಮೊದಲು ಹೊಲಿದ ಯಾವುದರಲ್ಲೂ ಇರಲಿಲ್ಲ.

ಹೆಂಗಸರನ್ನೆಲ್ಲ ಕೂರಿಸಿ ಕೇಳಿದಾಗ ಉಜ್ಜಿನಮ್ಮ ತಟ್ಟನೆ ಎದ್ದು ನಿಂತಳು. "ನಂದ್ರಿ ಅದು, ಕಾಗೆಕಾಲು" ಎಂದಳು. ನಾಚಿಕೆಯಿಂದ ನಕ್ಕಳು ಕೂಡ. ಪಕ್ಕದಲ್ಲಿದ್ದ ಗಂಗೋತ್ರಿ ಅವಳ ಸೆರಗು ಹಿಡಿದು ಜಗ್ಗಿದಳು, ಅಷ್ಟರಲ್ಲಿ ಹೊತ್ತು ಮೀರಿತ್ತು.

ಸೈನ್ಯದ ಕಡೆಯಿಂದ ವಿಚಾರಣೆಗೆ ಬಂದವರು ಇಬ್ಬರು. ಒಬ್ಬ ಗದರುವವನು, ಇನ್ನೊಬ್ಬ ವಯಸ್ಸಾದವನು, ಮೆತ್ತಗೆ ಮಾತಾಡುವವನು. ಗದರುವವನಿಗೆ ಅವಳು ಹೆದರಲಿಲ್ಲ.

"ಏನಿದರ ಅರ್ಥ? ಯಾರು ಹಾಕು ಅಂದ್ರು?"

"ಅರ್ಥ ಏನೂ ಇಲ್ರಿ. ಇದು ನಾ ಹೊಲ್ದಿದ್ದು ಅಂತ ಗುರ್ತು. ರಾಯದುರ್ಗದಾಗ ಎಲ್ರೂ ಹಾಕತಾರ. ಇಲ್ಲಾಂದ್ರ ನಮ್ಮ ಪೀಸು ಬ್ಯಾರೆಯವ್ರ ಲೆಕ್ಕಕ್ಕ ಹೋಗತೈತ್ರಿ."

"ನಿಮಗೆ ಇಲ್ಲಿ ತಿಂಗಳ ಸಂಬಳ. ಪೀಸಿನ ಲೆಕ್ಕ ಎಲ್ಲಿದೆ?"

ಕೈ ಹಾಕಿತು, ನಾನು ಹಾಕಲಿಲ್ಲ ಎಂದರೆ ನಂಬುವವರು ಯಾರು? ಗದರುವವನು ಎದ್ದು ಹೊರಗೆ ಹೋದ. ಮೆತ್ತಗಿನವನು ಚಹಾ ತರಿಸಿದ, ಕುರ್ಚಿ ಹತ್ತಿರ ಎಳೆದುಕೊಂಡು ಮನೆಯಲ್ಲಿ ಯಾರ್ಯಾರಿದ್ದಾರಮ್ಮ ಎಂದು ಕೇಳಿದ. ಉಜ್ಜಿನಮ್ಮನಿಗೆ ಜೀವ ಬಂದಂತಾಯಿತು. ಇದನ್ನು ಮೊದಲೇ ಹೇಳಬೇಕಾಗಿತ್ತು ಎಂದುಕೊಂಡಳು.

"ನನ್ನ ಮಗ ಮಿಲ್ಟ್ರ್ಯಾಗ ಅದಾನ್ರಿ. ನಾ ಮಿಲ್ಟ್ರಿಗೆ ಕೆಟ್ಟದ್ದು ಮಾಡತೀನೇನ್ರಿ?"

"ಹೌದೇನಮ್ಮ? ಬಹಳ ಸಂತೋಷ. ಎಲ್ಲಿದ್ದಾನೆ?"

ಪಾಪದ ಹೆಂಗಸು, ಹೇಳಿದಳು. ಕಣಿವೆಯ ಹೆಸರು ಹೇಳಿದಳು. ನಂಬಲಿ ಎಂದು ಇನ್ನಷ್ಟು ಹೇಳಿದಳು. ಹಿಮದಲ್ಲಿ ಸೆಟ್ಟು ಕಿವುಡಾಗುವುದು, ಇಬ್ಬರು ಹುಡುಗರು ಸತ್ತದ್ದು, ಅವರು ಯಾವ ಠಾಣೆಯಿಂದ ಯಾವ ಠಾಣೆಗೆ ಹೋಗುತ್ತಿದ್ದರೆಂಬುದು. ತನ್ನಷ್ಟು ಹತ್ತಿರದವಳು ಸೈನ್ಯಕ್ಕೆ ಬೇರೆ ಯಾರಿದ್ದಾರೆ ಎಂದು ತೋರಿಸಲು, ಭಾನುವಾರ ಭಾನುವಾರ ಕೂಡಿಟ್ಟುಕೊಂಡಿದ್ದ ಮಗನ ಮಾತನ್ನೆಲ್ಲ ಆ ಮೇಜಿನ ಮೇಲೆ ಸುರಿದಳು. ಮೆತ್ತಗಿನವನು ತಲೆಯಾಡಿಸುತ್ತ ಕೇಳಿದ, ಒಂದು ಸಲವೂ ಸಾಕು ಎನ್ನಲಿಲ್ಲ. ಚಹಾ ಆರಿಹೋಗಿತ್ತು.

ಆಮೇಲೂ ಅವಳನ್ನು ಉಳಿಸುವ ಒಂದು ದಾರಿ ಇತ್ತು. ರಾಯದುರ್ಗದಲ್ಲಿ ಇಂಥ ಪದ್ಧತಿ ಉಂಟು, ಈಕೆಯ ಗುರುತು ಇದೇ ಎಂದು ಒಬ್ಬರು ಬಾಯಿಬಿಟ್ಟು ಹೇಳಿದ್ದರೆ ಹಗ್ಗವನ್ನು ಹಾವೆನ್ನದೆ ಹಗ್ಗ ಎಂದೇ ಕಾಣುತ್ತಿದ್ದರು. ಅವಳು ತಿಪ್ಪೇರುದ್ರಪ್ಪನ ಹೆಸರು ಕೊಟ್ಟಳು. ಜೀಪಿನಲ್ಲಿ ಜನ ಬಂದು ಅವನ ಬಾಗಿಲು ತಟ್ಟಿದರು. ಅವನು ನಗುತ್ತ ಕೈಮುಗಿದು, ಮನೆಯೊಳಗೆ ಕರೆದು, ತನಗೆ ಶೆಡ್ಡೆಂಬುದೇ ಇಲ್ಲ, ಹೊಲಿಗೆಯ ಹೆಂಗಸರನ್ನು ಇಟ್ಟುಕೊಂಡವನೇ ಅಲ್ಲ, ಉಜ್ಜಿನಮ್ಮ ಎಂಬುವವಳನ್ನು ಓಣಿಯಲ್ಲಿ ನೋಡಿರಬಹುದು ಅಷ್ಟೇ ಎಂದುಬಿಟ್ಟ. ಗುರುತು ಗಿರುತು ತನಗೆ ತಿಳಿಯದು ಎಂದ. ಓಣಿಯ ಹೆಂಗಸರೂ ಅದನ್ನೇ ಹೇಳಿದರು. ಜೀನ್ಸಿನ ವ್ಯಾಪಾರ ಅಷ್ಟರಲ್ಲಿ ಮತ್ತೆ ಎದ್ದಿತ್ತು, ಅವರಿಗೂ ನಾಳೆ ಬೆಳಗ್ಗೆ ಅದೇ ಶೆಡ್ಡಿಗೆ ಹೋಗಬೇಕಿತ್ತು. ಇಷ್ಟು ವರ್ಷ ಆಫೀಸರ ಮುಂದೆ ಆಡುತ್ತ ಬಂದ ಮಾತು ಅದು, ನಾಲಿಗೆಗೆ ಅಭ್ಯಾಸವಾಗಿತ್ತು.

ಹೀಗೆ ಉಜ್ಜಿನಮ್ಮ ಸುಳ್ಳಿಯಾದಳು. ಸುಳ್ಳು ಹೇಳುವ ಹೆಂಗಸಿಗೆ ಗಡಿಯಿಂದ ವಾರವಾರ ಫೋನು ಬರುತ್ತದೆ, ಠಾಣೆಗಳ ಹೆಸರು ಗೊತ್ತು, ಸೈನ್ಯದ ಉಪಗ್ರಹದಲ್ಲಿ ಅವಳು ಚಿಹ್ನೆ ಹಾಕಿದ್ದಾಳೆ. ಕಾಗದದ ಮೇಲೆ ಬರೆದರೆ ಅದು ಹಾಗೇ ಕಾಣುತ್ತದಲ್ಲವೇ. ಅವಳನ್ನು ಬಹಳ ದಿನ ಕರೆಸಿ ಕೂರಿಸಿ ಕೇಳಿದರು. ಕೊನೆಗೆ ಏನೂ ಸಿಗದೆ, ಕೆಲಸದಿಂದ ತೆಗೆದು, ಊರು ಬಿಟ್ಟು ಹೋಗುವಾಗ ಹೇಳಿ ಹೋಗಬೇಕು ಎಂದು ಬಿಟ್ಟರು. ಅಷ್ಟರಲ್ಲಿ ಭಾನುವಾರದ ಫೋನು ನಿಂತುಹೋಗಿತ್ತು.

ರಾಯದುರ್ಗಕ್ಕೆ ಬಂದವಳಿಗೆ ಕೆಲಸ ಕೊಟ್ಟವನು ತಿಪ್ಪೇರುದ್ರಪ್ಪನೇ. ಬೇರೆ ಯಾರೂ ಅವಳನ್ನು ಒಳಗೆ ಬಿಟ್ಟುಕೊಳ್ಳಲು ಧೈರ್ಯ ಮಾಡಲಿಲ್ಲ. "ತಪ್ಪು ತಿಳ್ಕಾಬ್ಯಾಡ ತಂಗೆವ್ವ. ಹೌದು ಅಂದಿದ್ರ ಶೆಡ್ಡು ತೋರ್ಸು ಅಂತಿದ್ರು. ಇಷ್ಟೂ ಮಂದಿ ಹೊಟ್ಟಿ ಮ್ಯಾಲ ಹೊಡದಂಗ ಆಗತಿತ್ತು" ಎಂದ. ಅವನ ಮುಖಕ್ಕೆ ಉಗಿಯಬೇಕೆನ್ನಿಸಿತು ಅವಳಿಗೆ. ಉಗುಳು ನುಂಗಿಕೊಂಡು ಮೆಷಿನ್ನಿನ ಮುಂದೆ ಕೂತಳು. ಹೊಟ್ಟೆ ಕೇಳಬೇಕಲ್ಲ.

ದೀಪಾವಳಿ ಕಳೆದ ಮೇಲೆ ಯೋಗೀಶ ಬಂದ. ಮೊದಲಿಗಿಂತ ಇಳಿದುಹೋಗಿದ್ದ. ಅವನನ್ನೂ ಕೂರಿಸಿ ಕೇಳಿದ್ದರು, ಸೆಟ್ಟಿನ ಮುಂದಿನಿಂದ ಎಬ್ಬಿಸಿ ಉಗ್ರಾಣದಲ್ಲಿ ಬೂಟು ಕಂಬಳಿ ಹಂಚಲು ಹಾಕಿದ್ದರು. ಶಿಕ್ಷೆ ಎಂದು ಹೆಸರಿಲ್ಲ, ಬಡ್ತಿಯೂ ಇಲ್ಲ. ಜೊತೆಗಿದ್ದ ಹುಡುಗರು ಅವನೊಂದಿಗೆ ಉಣ್ಣಲು ಕೂರುವುದನ್ನು ಬಿಟ್ಟಿದ್ದರು. ಸತ್ತ ಆ ಇಬ್ಬರ ಸುದ್ದಿ ಅವ್ವನಿಗೆ ಹೇಳಿಬಿಟ್ಟನಂತೆ ಎಂದು ಅವರಿಗೆ ಗೊತ್ತಾಗಿತ್ತು.

ಅವಳು ರೊಟ್ಟಿ ಬಡಿದು ಹಾಕಿದಳು. ಅವನು ತಲೆ ಎತ್ತದೆ ಉಂಡ.

"ನಾ ಏನ್ ಮಾಡಲೋ ಯಪ್ಪಾ" ಎಂದಳು. "ನೀ ಮಿಲ್ಟ್ರ್ಯಾಗ ಅದೀ ಅಂದ್ರ ಬಿಡತಾರ ಅನ್ಕೊಂಡೆ. ಅವ್ರೂ ನಿಮ್ಮವ್ರೇ ಅಲ್ಲೇನು? ನಿನ್ನ ಸುದ್ದಿ ನಿಮ್ಮವ್ರಿಗೆ ಹೇಳಿದ್ರ ತಪ್ಪೇನು ಅನ್ಕೊಂಡೆ."

ಅವನು ಕೈ ತೊಳೆದುಕೊಂಡು ಬಂದು ಕೂತ. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಅವಳಿಗೆ ಎಷ್ಟೋ ವಾಸಿಯಿತ್ತು. "ಗುರ್ತು ಹಾಕಿದ್ದು ಇರ್ಲಿ ಬಿಡವ್ವ, ಅದು ಕೈಯ ಚಾಳಿ" ಎಂದ. "ನಾ ಹೇಳಿದ್ದು ನಿನ್ನೊಬ್ಬಾಕಿಗೆ ಹೇಳಿದ್ದೆ."

ಮರುದಿನವೇ ಹೊರಟುಹೋದ. ರಜೆ ಇನ್ನೂ ಇತ್ತೆಂದು ಅವಳಿಗೆ ಅವನ ಗೆಳೆಯನಿಂದ ಆಮೇಲೆ ತಿಳಿಯಿತು.

ಉಪಗ್ರಹ ಮೇಲಕ್ಕೆ ಹೋಯಿತು. ಶೆಡ್ಡಿನ ಟಿವಿಯಲ್ಲಿ ಎಲ್ಲರೂ ಮೆಷಿನ್ನು ನಿಲ್ಲಿಸಿ ನೋಡಿದರು. ಬೆಂಕಿ ಉಗುಳಿಕೊಂಡು ಅದು ಮೋಡದೊಳಗೆ ಹೋಗುವಾಗ ಚಪ್ಪಾಳೆ ಬಿತ್ತು. ಉಜ್ಜಿನಮ್ಮ ಹೊಲಿದದ್ದನ್ನೇ ಹಾಕಿದ್ದಾರೆಂದು ಗಂಗೋತ್ರಿ ಫೋನು ಮಾಡಿ ಹೇಳಿದ್ದಳು. ಪರೀಕ್ಷೆ ಮಾಡಿ ನೋಡಿದರೆ ಆ ಹೊಲಿಗೆಯಿಂದ ಏನೂ ಬಾಧೆಯಿಲ್ಲ ಎಂದು ಕಂಡಿತಂತೆ, ಹೊಸದು ಹೊಲಿಯಲು ಹೊತ್ತೂ ಇರಲಿಲ್ಲವಂತೆ. ಆ ಮಾತನ್ನು ಯೋಗೀಶನಿಗಾಗಲಿ ಅವನ ಮೇಲಿನವರಿಗಾಗಲಿ ಯಾರೂ ಹೇಳಲಿಲ್ಲ. ತಿಪ್ಪೇರುದ್ರಪ್ಪ ಮಾತ್ರ ಎಲ್ಲರಿಗೂ ಪೇಡೆ ಹಂಚಿ, ನಮ್ಮ ಶೆಡ್ಡಿನ ಕೈ ಆಕಾಶ ಮುಟ್ಟಿತು ನೋಡ್ರಿ ಎಂದು ಎದೆಯುಬ್ಬಿಸಿದ. ಅವಳು ತನ್ನ ಪೇಡೆಯನ್ನು ಮೆಷಿನ್ನಿನ ಮೇಲೆ ಇಟ್ಟಳು. ಅದು ಸಂಜೆಯವರೆಗೂ ಅಲ್ಲೇ ಇತ್ತು.

ಈಗ ಮತ್ತೆ ಭಾನುವಾರ ಫೋನು ಬರುತ್ತದೆ. ಅವನನ್ನು ಉಗ್ರಾಣದಿಂದ ಬೇರೆ ಕಡೆ ಹಾಕಿದ್ದಾರೆ, ಅಷ್ಟು ಮಾತ್ರ ಹೇಳಿದ. ಮಾತಿನ ನಡುವೆ ಗಾಳಿಯ ಸದ್ದು ಕೇಳುತ್ತದೆ, ಅವನು ಉಸಿರು ಎಳೆದೆಳೆದು ಮಾತಾಡುತ್ತಾನೆ. ಎತ್ತರದ ಜಾಗವೇ ಇರಬೇಕೆಂದು ಅವಳು ಊಹಿಸಿಕೊಳ್ಳುತ್ತಾಳೆ. ಉಂಡೆಯಾ ಎಂದು ಕೇಳಿದರೆ ಉಂಡೆ ಎನ್ನುತ್ತಾನೆ. ಎಲ್ಲಿದ್ದಿಯೋ ಎಂದು ಕೇಳಿದರೆ, "ಇಲ್ಲೇ ಅದೀನವ್ವ, ಆರಾಮ ಅದೀನಿ" ಎನ್ನುತ್ತಾನೆ. ಆಮೇಲೆ ಇಬ್ಬರೂ ಫೋನು ಇಡುತ್ತಾರೆ.

ಅವಳನ್ನು ಆಗಾಗ ಮಾತಾಡಿಸುವವಳೆಂದರೆ ಗಂಗೋತ್ರಿ ಒಬ್ಬಳೇ. ಮೊನ್ನೆ ಫೋನಿನಲ್ಲಿ ಸಮಾಧಾನ ಹೇಳಲೆಂದೇ ಸುದ್ದಿ ತೆಗೆದಳು. "ಟಿವಿನಾಗೆ ತೋರ್ಸಿದ್ರು ಕಣಕ್ಕ. ನಾವ್ ಒಲ್ದಿದ್ವಲ್ಲ, ಅದು ಈಗ ಚೆನ್ನಾಗಿ ಕೆಲ್ಸ ಮಾಡ್ತೈತಂತೆ. ಗಡಿನಾಗೆ ಯಾವ್ ಸೈನಿಕ ಎಲ್ಲವ್ನೆ ಅಂತ ಎಲ್ಲಾ ಅದಕ್ಕೆ ಗೊತ್ತಾಯ್ತದಂತೆ. ಮಂಜು ಬೀಳ್ಲಿ, ಏನಾರ ಬೀಳ್ಲಿ."

"ಅದಕ್ಕ ಗೊತ್ತಾಗತೈತೇನು?" ಎಂದಳು ಉಜ್ಜಿನಮ್ಮ. "ಹಂಗಾರ ನನ್ನ ಮಗ ಎಲ್ಲದಾನ ಅಂತ ಅದನ್ನ ಕೇಳಿ ಹೇಳು ತಂಗಿ. ನನಗ ಹೇಳವಲ್ಲ ಅವ."